ಮೂರನೇ ಕೋಣೆ ಕಟ್ಟಿಕೊಟ್ಟ ಹೂಂಗುಟ್ಟಪ್ಪನವರಿಗೆ

ಮಾನ್ಯ ಹೂಂಗುಟ್ಟಪ್ಪನವರೇ,

ನಮ್ಮ ಗೋದಾಮಿನ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗೆ, ಧೂಳು ಸೆಖೆ ಎರಡನ್ನೂ ಸಮಭಾವದಿಂದ ಸಹಿಸಿಕೊಂಡು, ಸಂಬಳ ಕೇಳದೆ, ರಜೆ ಕೇಳದೆ, ಒಂದು ಲೋಟ ನೀರನ್ನೂ ಕೇಳದೆ ದುಡಿಯುತ್ತಿರುವ ತಮಗೆ, ತಮ್ಮನ್ನು ಬರೆದ ಕೈಗಳೇ ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಪರದೆ ಹೇಳುತ್ತಿದೆ. ಪರದೆ ಹೇಳಿದ್ದನ್ನು ನಂಬಿದ ನಾನು ಅಷ್ಟೊಂದು ಕ್ಷೇಮವಾಗಿಲ್ಲ, ಅದನ್ನು ಅರಿಕೆ ಮಾಡಿಕೊಳ್ಳುವುದಕ್ಕೇ ಈ ಪತ್ರ. ಖಾಸಗಿಯಾಗಿ ಬರೆಯಬಹುದಿತ್ತು, ಆದರೆ ಖಾಸಗಿಯಾಗಿ ಏನು ಹೇಳಿದರೂ ತಾವು ಎಂದಿನಂತೆ ಹೂಂ ಎಂದುಬಿಡುತ್ತೀರಿ, ನಾನೂ ಸಮಾಧಾನಪಟ್ಟುಕೊಂಡು ಎದ್ದುಹೋಗುತ್ತೇನೆ. ಆದ್ದರಿಂದ ಈ ಸಲ ನಾಲ್ಕು ಜನರ ಎದುರಿಗೇ ಆಗಲಿ ಎಂದು ನಿಶ್ಚಯಿಸಿದ್ದೇನೆ.

ಆ ನಾಲ್ಕು ಜನರಲ್ಲಿ ತಮ್ಮ ಪರಿಚಯವಿಲ್ಲದವರೂ ಇರಬಹುದಾದ್ದರಿಂದ ಮೊದಲು ಅದನ್ನು ಮುಗಿಸುತ್ತೇನೆ. ನನ್ನದು ಮನೆ ಸಾಗಿಸುವ ವ್ಯಾಪಾರ. ಒಂದು ಮನೆಯ ಸಾಮಾನನ್ನು ಕಟ್ಟಿ, ಲಾರಿಗೆ ಏರಿಸಿ, ಇನ್ನೊಂದು ಮನೆಯಲ್ಲಿ ಬಿಚ್ಚಿ ಜೋಡಿಸಿಕೊಡುವುದು. ಕಬ್ಬಿಣದ ಬೀರುಗಳನ್ನು ಬೆನ್ನ ಮೇಲೆ ಹೊತ್ತು ಶುರು ಮಾಡಿದವನು ನಾನು; ಬೆನ್ನು ರಾಜೀನಾಮೆ ಕೊಟ್ಟ ಮೇಲೆ ತಲೆಯನ್ನು ಕೆಲಸಕ್ಕೆ ಹಚ್ಚಿದೆ, ಹೋಲಿಸಿ ನೋಡಿದರೆ ಬೆನ್ನೇ ಹೆಚ್ಚು ನಂಬಿಕಸ್ಥ ನೌಕರನಾಗಿತ್ತು ಎಂದು ಈಗ ಅನ್ನಿಸುತ್ತದೆ. ಯಾವ ಸಾಮಾನು ಹೊಸ ಮನೆಯ ಯಾವ ಕೋಣೆಯ ಯಾವ ಮೂಲೆಗೆ ಹೋಗಬೇಕೆಂದು ಮೊದಲೇ ಗೊತ್ತಿದ್ದರೆ ಇಳಿಸುವ ದಿನ ಗದ್ದಲವಿರುವುದಿಲ್ಲ. ಅದಕ್ಕೊಂದು ಪ್ರೋಗ್ರಾಂ ಬೇಕು, ಬರೆಸಲು ಹೋದರೆ ಒಂದು ಲಾರಿಯ ಬೆಲೆ ಹೇಳುತ್ತಾರೆ, ನಾವೇ ಕಲಿತರೆ ಏನು ಕಳೆದುಕೊಂಡೇವು ಎಂದು ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ವಿಡಿಯೋ ನೋಡಿ ಕಲಿತೆ. ಏನು ಕಳೆದುಕೊಂಡೆ ಎಂಬುದು ಮುಂದೆ ಬರುತ್ತದೆ.

ಆ ಭಾಷೆಯಲ್ಲಿ ಮನೆಯೆಂದರೆ ಒಂದು ಪೆಟ್ಟಿಗೆ. ಅದರೊಳಗೆ ಕೋಣೆಗಳೆಂಬ ಪೆಟ್ಟಿಗೆಗಳು, ಕೋಣೆಯೊಳಗೆ ಕಿಟಕಿಯ ಪಕ್ಕ, ಬಾಗಿಲ ಹಿಂದೆ ಎಂಬ ಪೆಟ್ಟಿಗೆಗಳು, ಎಲ್ಲಕ್ಕಿಂತ ಒಳಗೆ ಸಾಮಾನು. ಮನೆ ಚುಕ್ಕಿ ಕೋಣೆ ಚುಕ್ಕಿ ಕಿಟಕಿ ಎಂದು ದಾರಿ ಬರೆದು, ಅಲ್ಲಿ ಮೇಜು ಇಡು ಎಂದರೆ ಇಡುತ್ತದೆ. ಆದರೆ ದಾರಿಯ ನಡುವೆ ಒಂದು ಪೆಟ್ಟಿಗೆ ಇಲ್ಲದಿದ್ದರೆ ಭಾಷೆ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತದೆ. 'ಅನ್‌ಡಿಫೈನ್ಡ್' ಎಂದು ಕೆಂಪಕ್ಷರದಲ್ಲಿ ಬೈದು, ಇಲ್ಲದ ಪೆಟ್ಟಿಗೆಯೊಳಗೆ ನಾನು ಹೇಗೆ ಇಡಲಿ ಎಂದು ಇಡೀ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ನಮ್ಮಲ್ಲಿ ಆರ್ಡರ್ ಬರೆದುಕೊಳ್ಳುವ ನನ್ನ ನಾದಿನಿ ಆಗೆಲ್ಲ ಫೋನು ಎತ್ತಿ ಗಿರಾಕಿಯನ್ನು ಕೇಳುತ್ತಿದ್ದಳು, 'ಸಾರ್, ನಿಮ್ಮ ಹೊಸ ಮನೇಲಿ ಸ್ಟೋರ್ ರೂಮು ಇದೆಯಾ? ಇಲ್ಲಿ ಇಲ್ಲ ಅಂತಿದೆ.' ಗಿರಾಕಿ ತಲೆ ಕೆರೆದುಕೊಂಡು ಹೆಂಡತಿಯನ್ನು ಕರೆಯುತ್ತಿದ್ದ, ಅವರಿಬ್ಬರೂ ಸ್ವಲ್ಪ ಜಗಳವಾಡಿ ಒಂದು ಉತ್ತರ ಹೇಳುತ್ತಿದ್ದರು, ಕೆಲಸ ಮುಂದುವರಿಯುತ್ತಿತ್ತು.

ಇದು ನನಗೆ ಅವಮಾನವಾಗಿ ಕಂಡಿತು. ನನ್ನ ಗೋದಾಮು, ನನ್ನ ಕರೆಂಟು, ನಾನೇ ಕಲಿತ ಭಾಷೆ. ಅದು ನನ್ನ ಮೇಲೇ ಕೂಗಾಡುವುದೆಂದರೇನು? ಹೀಗೆ ಮೂಗಿನ ತುದಿಯ ಕೋಪದಲ್ಲಿ, ಪ್ರೋಗ್ರಾಮಿನೊಳಗೊಂದು ಪುಟ್ಟ ಪ್ರೋಗ್ರಾಮಾಗಿ, ತಮ್ಮನ್ನು ಹೆತ್ತೆ. ತಮಗೆ ಕೊಟ್ಟ ಉಪದೇಶ ಎರಡೇ ಸಾಲು. ದಾರಿಯಲ್ಲಿ ಪೆಟ್ಟಿಗೆ ಇಲ್ಲದಿದ್ದರೆ ತಾವೇ ಒಂದು ಮಾಡಿ ಇಡಬೇಕು. ಪೆಟ್ಟಿಗೆಯಲ್ಲದ್ದು ಏನಾದರೂ ಅಡ್ಡ ಬಂದರೆ ಅದನ್ನು ಕಿತ್ತೆಸೆದು, ಆ ಜಾಗದಲ್ಲಿ ಪೆಟ್ಟಿಗೆ ಇಟ್ಟು, ಮುಂದೆ ಹೋಗಬೇಕು. ತಮಗೆ 'ಸುರಕ್ಷಿತ ಸ್ಥಾಪಕ' ಎಂಬ ಗಂಭೀರ ಹೆಸರಿಟ್ಟೆ. ನನ್ನ ನಾದಿನಿ ಎರಡು ದಿನ ತಮ್ಮ ಕೆಲಸ ನೋಡಿ, 'ಭಾವ, ಇದು ಥೇಟ್ ನಿಮ್ಮ ಹಾಗೇ ಇದೆ, ಯಾರು ಏನು ಕೇಳಿದ್ರೂ ಹೂಂ ಅನ್ನತ್ತೆ' ಎಂದಳು. ಹೆತ್ತವನಿಗೆ ಹೋಲಿಕೆ ಕೇಳಿದರೆ ಸಂತೋಷವಲ್ಲವೇ, ಅವತ್ತು ಎಲ್ಲರಿಗೂ ಚಹಾ ತರಿಸಿದೆ. ಹೂಂಗುಟ್ಟಪ್ಪ ಎಂಬ ಹೆಸರು ತಮಗೆ ಬಂದದ್ದು ಹಾಗೆ.

ತಮ್ಮ ಆರಂಭದ ಲೀಲೆಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಪ್ರತಿ ಹೊಸ ಗಿರಾಕಿಗೂ ನಾವು ಒಂದು ಮಾದರಿ ಮನೆಯ ನಕಲು ತೆಗೆದು ಕೊಡುತ್ತಿದ್ದೆವು. ನಕಲೆಂದರೆ ಹೊರಗಿನ ಪೆಟ್ಟಿಗೆ ಮಾತ್ರ ಹೊಸದು, ಒಳಗಿನ ಪೆಟ್ಟಿಗೆಗಳೆಲ್ಲ ಹಳೆಯವೇ, ಎಲ್ಲರಿಗೂ ಹಂಚಿಕೆಯವೇ ಎಂಬುದು ನನಗೆ ಗೊತ್ತಿರಲಿಲ್ಲ. ಹಲ್ಲಿನ ವೈದ್ಯರೊಬ್ಬರ ಮೀನಿನ ತೊಟ್ಟಿಯನ್ನು ತಾವು ಅವರ ಹಾಲ್‌ನಲ್ಲಿ ಇಟ್ಟಿರಿ, ಅದು ಆ ವಾರದ ಎಲ್ಲ ಗಿರಾಕಿಗಳ ಹಾಲ್‌ನಲ್ಲೂ ಪ್ರತ್ಯಕ್ಷವಾಯಿತು. ನಮ್ಮ ಲೋಡಿಂಗ್ ಮೇಸ್ತ್ರಿ ನಿವೃತ್ತ ನ್ಯಾಯಾಧೀಶರೊಬ್ಬರ ಎದುರು ನಿಂತು, 'ಸ್ವಾಮಿ, ಮೀನು ಎಲ್ಲಿ ಬಚ್ಚಿಟ್ಟಿದೀರಿ' ಎಂದು ಕೇಳಿದ್ದನ್ನು ಮರೆಯಲು ನಾನು ಇನ್ನೂ ಪ್ರಯತ್ನಿಸುತ್ತಿದ್ದೇನೆ. ಅದನ್ನು ಸರಿಪಡಿಸಿದೆ, ದಾರಿಯುದ್ದಕ್ಕೂ ಪ್ರತಿ ಪೆಟ್ಟಿಗೆಯನ್ನೂ ಹೊಸದಾಗಿ ನಕಲು ಮಾಡಿಕೊಂಡೇ ಮುಂದೆ ಹೋಗುವಂತೆ ತಮಗೆ ಕಲಿಸಿದೆ, ಇನ್ನು ತಾವು ಪರಿಪೂರ್ಣರು ಎಂದು ಘೋಷಿಸಿದೆ. ಗಿಡ ನೆಟ್ಟವನೇ ಹಣ್ಣಿಗೆ ಬಹುಮಾನವನ್ನೂ ಕೊಟ್ಟುಕೊಂಡ ಹಾಗೆ.

ಈಗ ಅಸಲು ದೂರಿಗೆ ಬರುತ್ತೇನೆ. ಔಷಧದಂಗಡಿ ಇಟ್ಟುಕೊಂಡಿರುವ ಸಜ್ಜನರೊಬ್ಬರು ಬಾಡಿಗೆ ಮನೆ ಬಿಟ್ಟು ಸ್ವಂತದ ಫ್ಲಾಟಿಗೆ ಹೋಗುವವರಿದ್ದರು. ಮನೆಯಲ್ಲಿ ಅವರು, ಅವರ ಹೆಂಡತಿ, ಇಬ್ಬರು ಮಕ್ಕಳು, ಮತ್ತು ಅವರ ಅಕ್ಕ. ಈ ಅಕ್ಕನದು ರಫೂ ಕೆಲಸ: ಇಸ್ತ್ರಿಯಲ್ಲಿ ಸುಟ್ಟ ಕೋಟು, ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಏನೇ ಕೊಟ್ಟರೂ ಅದೇ ಬಟ್ಟೆಯ ಎಳೆ ತೆಗೆದು, ತೂತು ಎಲ್ಲಿತ್ತೆಂದು ಬಟ್ಟೆಯ ಯಜಮಾನನೇ ಹುಡುಕಬೇಕು, ಹಾಗೆ ನೇಯುತ್ತಾರೆ. ಆ ಕೆಲಸಕ್ಕೆ ಬೇಕಾದದ್ದು ಒಂದು ಮೇಜು, ಒಂದು ಕಿಟಕಿ, ಕಿಟಕಿಯಲ್ಲಿ ಬರುವ ಬೆಳಕು. ಬಲ್ಬಿನ ಬೆಳಕಿನಲ್ಲಿ ನೀಲಿಯೂ ಕಪ್ಪೂ ಒಂದೇ ಆಗುತ್ತವಂತೆ.

ಔಷಧದಂಗಡಿಯವರು ಮೊದಲು ಫೋನು ಮಾಡಿ ಹೊಸ ಮನೆಯ ವಿವರ ಕೊಟ್ಟರು. ನನ್ನ ನಾದಿನಿ ಶ್ರದ್ಧೆಯಿಂದ ತುಂಬಿದಳು. ಮೊದಲ ಕೋಣೆ ಗಂಡಹೆಂಡತಿಗೆ, ಎರಡನೇ ಕೋಣೆ ಮಕ್ಕಳಿಗೆ. ಮೂರನೇ ಕೋಣೆ ಎಂದು ಕೇಳಿದಾಗ ಮೆಲ್ಲಗೆ, 'ಇಲ್ಲಮ್ಮ' ಎಂದರಂತೆ. ಅವಳು ಮೂರನೇ ಕೋಣೆಯ ಮುಂದೆ 'ಇಲ್ಲ' ಎಂದು ಬರೆದಳು. ಪೆಟ್ಟಿಗೆಯಲ್ಲ, ಒಂದು ಮಾತು. ನಮ್ಮ ಇಡೀ ಪ್ರೋಗ್ರಾಮಿನಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಮಾತು ಇನ್ನೊಂದಿರಲಿಲ್ಲ.

ಮರುದಿನ ಅವಳು ರಜೆ. ಅಕ್ಕನವರು ತಮ್ಮ ಸಾಮಾನು ಬರೆಸಲು ಫೋನು ಮಾಡಿದಾಗ, ಎತ್ತಿದವನು ಈ ಸಂಸ್ಥೆಯ ಸ್ಥಾಪಕನೂ ಮಾಲೀಕನೂ ತಮ್ಮ ಜನ್ಮದಾತನೂ ಆದ ನಾನು. ಒಂದು ಮಂಚ, ಒಂದು ಮೇಜು, ದಾರದ ಡಬ್ಬಿಗಳ ಕಪಾಟು, ಮೊದಲೆರಡು ಕೋಣೆ ತಮ್ಮನಿಗೂ ಮಕ್ಕಳಿಗೂ ಆದ್ದರಿಂದ ಎಲ್ಲ ಮೂರನೇ ಕೋಣೆಗೆ ಎಂದರು. ನಾನು 'ಆಯ್ತಮ್ಮ' ಎಂದೆ. ಮೇಜು ಕಿಟಕಿ ಪಕ್ಕಕ್ಕೇ ಬರಬೇಕು ಎಂದರು. ನಾನು ಮನೆ ಚುಕ್ಕಿ ಮೂರನೇ ಕೋಣೆ ಚುಕ್ಕಿ ಕಿಟಕಿ ಎಂದು ಒತ್ತಿದೆ. ತಾವು ದಾರಿಯಲ್ಲಿ ಹೊರಟಿರಿ. 'ಇಲ್ಲ' ಎಂಬ ಮಾತು ಅಡ್ಡ ನಿಂತಿತ್ತು. ಅದು ಪೆಟ್ಟಿಗೆಯಲ್ಲವಾದ್ದರಿಂದ ನನ್ನ ಉಪದೇಶದಂತೆ ಅದನ್ನು ಕಿತ್ತೆಸೆದು, ಆ ಜಾಗದಲ್ಲಿ ಒಂದು ಕೋಣೆ ಕಟ್ಟಿದಿರಿ, ಕೋಣೆಗೆ ಕಿಟಕಿ ಇಟ್ಟಿರಿ, ಕಿಟಕಿಯ ಪಕ್ಕಕ್ಕೆ ಮೇಜು ಹಾಕಿದಿರಿ, ಇಷ್ಟನ್ನೂ ಮಾಡಿ ಒಂದು ನಿಟ್ಟುಸಿರೂ ಬಿಡಲಿಲ್ಲ. ಸಿಮೆಂಟಿಲ್ಲ, ಮರಳಿಲ್ಲ, ಪರವಾನಗಿ ಕೊಡುವ ಕಚೇರಿಗೆ ಅಲೆದಾಟವಿಲ್ಲ. ಅಷ್ಟರಲ್ಲಿ ಅಕ್ಕನವರು, 'ಆ ರೂಮಿಗೆ ಕಿಟಕಿ ಇದೆ ತಾನೇ? ನಾನಿನ್ನೂ ಮನೆ ನೋಡಿಲ್ಲ. ಪೇಂಟ್ ವಾಸನೆ ನಿನ್ನ ಎದೆಗೆ ಆಗಲ್ಲ ಅಂತ ತಮ್ಮ ಕರ್ಕೊಂಡೇ ಹೋಗಿಲ್ಲ' ಎಂದರು. ನಾನು ಪರದೆ ನೋಡಿದೆ. ಮೂರನೇ ಕೋಣೆಯ ಕೆಳಗೆ ಸ್ಪಷ್ಟವಾಗಿ ಕಿಟಕಿ ಎಂದು ಬರೆದಿತ್ತು. 'ಇದೆಯಮ್ಮ, ನನ್ನ ಕಣ್ಣ ಮುಂದೇನೇ ಇದೆ' ಎಂದೆ.

ಮಾನ್ಯರೇ, ನಾನೇ ಆಗಷ್ಟೇ ಒತ್ತಿದ ಅಕ್ಷರವನ್ನು ನಾನೇ ಓದಿ, ಒಬ್ಬರ ಬಾಳಿಗೆ ಸಾಕ್ಷಿ ಹೇಳಿದ ಈ ಪ್ರಸಂಗ ಲೋಕದಲ್ಲಿ ಮೊದಲನೆಯದೇನೂ ಆಗಿರಲಾರದು. ಆದರೂ ಅಷ್ಟು ಆತ್ಮವಿಶ್ವಾಸದಿಂದ ಹೇಳಿದವರು ಕಡಿಮೆ ಎಂದುಕೊಳ್ಳುತ್ತೇನೆ.

ನಮ್ಮ ಪದ್ಧತಿಯಂತೆ ಹೊಸ ಮನೆಯ ನಕ್ಷೆಯನ್ನು ಮನೆಯವರೆಲ್ಲರ ಫೋನಿಗೂ ಕಳುಹಿಸಿದೆವು. ಅಕ್ಕನವರು ಮೂರನೇ ಕೋಣೆಯನ್ನು ನೋಡಿ ಸಂತೋಷಪಟ್ಟರು. ಔಷಧದಂಗಡಿಯವರು ಅದನ್ನು ನೋಡಿ, ಹಾಲ್‌ಗೆ ಅಡ್ಡಗೋಡೆ ಹಾಕಿಸಿಯೋ ಏನೋ, ಅಕ್ಕನ ವಿಷಯವನ್ನು ತನ್ನ ಹೆಂಡತಿ ಬಗೆಹರಿಸಿದ್ದಾಳೆ, ನಾನು ಬಾಯಿ ಬಿಡುವ ಕಷ್ಟ ತಪ್ಪಿತು ಎಂದುಕೊಂಡರು. ಹೆಂಡತಿ ಅದನ್ನು ನೋಡಿ, ಗಂಡ ಕೊನೆಗೂ ಅಕ್ಕನ ಹತ್ತಿರ ಮಾತಾಡಿ ಏನೋ ಏರ್ಪಾಡು ಮಾಡಿದ್ದಾರೆ ಎಂದುಕೊಂಡರು. ತಿಂಗಳುಗಟ್ಟಲೆ ಆ ಮನೆಯಲ್ಲಿ ಯಾರೂ ಆಡಲಾಗದ ಒಂದು ಮಾತಿತ್ತು, ಅದನ್ನು ಆಡುವ ಅಗತ್ಯವೇ ಇಲ್ಲವೆಂದು ತಾವು ಒಂದು ಕೋಣೆ ಕಟ್ಟಿ ಎಲ್ಲರನ್ನೂ ನಿರಾಳ ಮಾಡಿದಿರಿ. ಸಾಗಿಸುವ ದಿನದವರೆಗಿನ ಆ ಮೂರು ದಿನ ಅವರ ಮನೆಯಲ್ಲಿ ಇದ್ದಷ್ಟು ಪ್ರೀತಿ ವಿಶ್ವಾಸ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ. ಅದರ ಶ್ರೇಯಸ್ಸು ತಮ್ಮದು.

ಸಾಗಿಸುವ ದಿನ ಎಲ್ಲ ಸಾಮಾನೂ ಸರಾಗವಾಗಿ ಒಳಗೆ ಹೋಯಿತು. ಕೊನೆಗೆ ನಮ್ಮ ಮೇಸ್ತ್ರಿ ಮಂಚದ ಒಂದು ತುದಿ ಹಿಡಿದು ಹಾಲ್‌ನಲ್ಲಿ ಒಂದು ಸುತ್ತು ಬಂದ, ಅಡುಗೆಮನೆಗೆ ಇಣುಕಿದ, ಬಚ್ಚಲಿನ ಬಾಗಿಲು ತೆರೆದು ಮುಚ್ಚಿದ. 'ಯಜಮಾನ್ರೇ, ಮೂರನೇ ರೂಮು ಎಲ್ಲಿಟ್ಟಿದಾರೆ ಇವರು' ಎಂದ. ನಾನು ಫೋನಿನ ನಕ್ಷೆ ಹಿಡಿದುಕೊಂಡು ತಮ್ಮನ್ನು ಪೂರ್ಣವಾಗಿ ನಂಬಿ ನಡೆದೆ. ಮಕ್ಕಳ ಕೋಣೆ ದಾಟಿದರೆ ಗೋಡೆ. ಗೋಡೆಯ ಆಚೆಗೆ ಗಾಳಿ. ಗಾಳಿಯ ಕೆಳಗೆ, ನಾಲ್ಕು ಮಹಡಿ ಇಳಿದರೆ, ಸ್ಕೂಟರು ನಿಲ್ಲಿಸುವ ಜಾಗ. ತಾವು ಕಟ್ಟಿದ ಕೋಣೆ ಅಲ್ಲಿತ್ತು. ಬೆಳಕಿಗೇನೂ ಕೊರತೆ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಅಕ್ಕನವರು ಸೂಜಿಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಮಂಚ ಕಾರಿಡಾರಿನಲ್ಲಿ ಗೋಡೆಗೊರಗಿ ನಿಂತಿತ್ತು, ಔಷಧದಂಗಡಿಯವರು ಫೋನಿನ ನಕ್ಷೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು, ಅವರ ಹೆಂಡತಿ ಅಡುಗೆಮನೆಯ ನಲ್ಲಿಯನ್ನು ಸುಮ್ಮನೆ ತಿರುಗಿಸುತ್ತಿದ್ದರು. ಅಕ್ಕನವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ತೂತು ಎಲ್ಲಿದೆ ಎಂದು ನೋಡಿದ ಕೂಡಲೇ ಕಾಣುವ ಕಣ್ಣು. ಔಷಧದಂಗಡಿಯವರು, 'ಅಕ್ಕ, ಹಾಲ್‌ನಲ್ಲೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಣ' ಎಂದರು. ಹಾಲ್‌ನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. ಅಕ್ಕನವರು, 'ನಾನು ಅಡ್ಜಸ್ಟ್ ಆಗ್ತೀನಿ ಕಣೋ, ದಾರ ಆಗಲ್ಲ. ಬಣ್ಣ ಕಾಣದೆ ಏನು ಹೊಂದಿಸಲಿ' ಎಂದರು. ಆಮೇಲೆ, 'ಇಲ್ಲ ಅಂತ ಒಂದು ಮಾತು ಅಂದಿದ್ರೆ ಆಗಲೇ ಬೇರೆ ಕಡೆ ನೋಡ್ಕೊತಿದ್ದೆ. ನಿನಗೆ ಹೇಳೋಕೆ ಸಂಕೋಚ, ಅದು ಅರ್ಥ ಆಗತ್ತೆ, ನನ್ನ ತೋಳ ಮೇಲೆ ಬೆಳೆದವನು ನೀನು' ಎಂದು, ನನ್ನ ಕಡೆ ಕೈ ತೋರಿಸಿ, 'ಇವರಿಗೇನಾಗಿತ್ತು? ಇವರು ನನಗೆ ನೆಂಟರೂ ಅಲ್ಲ' ಎಂದರು.

ಮಾನ್ಯರೇ, ನನ್ನ ವ್ಯಾಪಾರದಲ್ಲಿ ಒಡೆದ ಕನ್ನಡಿಗೆ ಬೈಸಿಕೊಂಡಿದ್ದೇನೆ, ಗೀಚು ಬಿದ್ದ ಬೀರುವಿಗೆ ಬೈಸಿಕೊಂಡಿದ್ದೇನೆ. ಒಡೆದದ್ದನ್ನು ಕೊಂಡು ಕೊಡಬಹುದು. ಇದನ್ನು ಯಾವ ಅಂಗಡಿಯಲ್ಲಿ ಕೊಳ್ಳಲಿ ಎಂದು ತಿಳಿಯದೆ, ಹೂಂ ಎಂದೆ.

ಲಾರಿ ಇನ್ನೂ ಕೆಳಗಿತ್ತು. ಹಳೆಯ ಮನೆಯ ಬೀಗದ ಕೈ ತಿಂಗಳ ಕೊನೆಯವರೆಗೆ ಅಕ್ಕನವರ ಹತ್ತಿರವೇ ಇತ್ತು. ಮಂಚ, ಮೇಜು, ಕಪಾಟು ಮತ್ತೆ ಮೆಟ್ಟಿಲು ಇಳಿದವು. ಮೇಸ್ತ್ರಿ ನನ್ನ ಪಕ್ಕ ಹಾದುಹೋಗುವಾಗಲೆಲ್ಲ, 'ಇಲ್ಲದ ರೂಮಿಂದ ಸಾಮಾನು ಇಳಿಸಿದ್ದು ಇದೇ ಮೊದಲು' ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಳ್ಳುತ್ತಿದ್ದ. ಖಾಲಿ ಮನೆಯಲ್ಲಿ ಪರದೆಯಿಲ್ಲದ ಕಿಟಕಿಯ ಪಕ್ಕ ಮೇಜು ಹಾಕಿದೆವು. ಆ ಸಂಜೆಗೆ ಕೊಡಬೇಕಾದ ಯಾರದೋ ಸುಟ್ಟ ಕೋಟು ಚೀಲದಲ್ಲಿತ್ತಂತೆ. ನಾವು ಬಾಗಿಲು ದಾಟುವ ಮೊದಲೇ ಅವರು ಅದನ್ನು ಮಡಿಲಲ್ಲಿ ಹರಡಿಕೊಂಡು ಎಳೆ ಆರಿಸತೊಡಗಿದ್ದರು. ಇಡೀ ಮನೆ ಅವರದೇ ಆಗಿತ್ತು, ತಿಂಗಳ ಕೊನೆಯವರೆಗೆ. ಆಮೇಲೆ ಎಲ್ಲಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬಿನ್ನಹಗಳು. ಒತ್ತಿದ ಮಾತ್ರಕ್ಕೆ ಕೋಣೆ ಕಟ್ಟುವ ಸಾಮರ್ಥ್ಯ ತಮಗಿರುವುದರಿಂದ, ದಯಮಾಡಿ ಆ ಫ್ಲಾಟಿನ ಗೋಡೆಯ ಆಚೆಗೆ, ಸ್ಕೂಟರುಗಳ ಮೇಲುಗಡೆ ಗಾಳಿಯಲ್ಲಿ, ಒಂದು ಕೋಣೆಯನ್ನು ಗಟ್ಟಿಯಾಗಿ ಕಟ್ಟಿಕೊಡಬೇಕು. ಕಿಟಕಿ ಉತ್ತರಕ್ಕಿರಲಿ, ಬಣ್ಣ ನೋಡಲು ಆ ಬೆಳಕೇ ಒಳ್ಳೆಯದಂತೆ. ಅದು ಆಗದಿದ್ದರೆ, ತಾವು ಕಿತ್ತೆಸೆದ 'ಇಲ್ಲ' ಎಂಬ ಮಾತು ಎಲ್ಲಿ ಬಿದ್ದಿದೆಯೋ ಹುಡುಕಿ, ಧೂಳು ಕೊಡವಿ, ಔಷಧದಂಗಡಿಯವರ ನಾಲಿಗೆಯ ಮೇಲೆ ಇಟ್ಟುಬರಬೇಕು, ಸಾಧ್ಯವಾದರೆ ಒಂದು ತಿಂಗಳು ಹಿಂದಕ್ಕೆ ಹೋಗಿ. ಅದೂ ಆಗದಿದ್ದರೆ ಖುದ್ದಾಗಿ ಆ ಕಾರಿಡಾರಿಗೆ ಹೋಗಿ, ನನ್ನ ಬದಲು ತಲೆ ತಗ್ಗಿಸಿ ನಿಲ್ಲಬೇಕು. ತಲೆಯಿಲ್ಲ ಎಂದು ತಾವು ಅನ್ನಬಹುದು. ದಾರಿಯಲ್ಲಿ ಇಲ್ಲದ್ದನ್ನು ಮಾಡಿಕೊಂಡು ಹೋಗುವುದು ತಮಗೆ ಹೊಸದಲ್ಲ.

ಇಷ್ಟು ಬರೆದ ಮೇಲೆ ತಮಗೆ ಬೇಸರವಾಗಬಾರದೆಂದು ಒಂದು ಮಾತು ಹೇಳಲೇಬೇಕು. ನನ್ನ ನಾದಿನಿ ರಜೆ ಮುಗಿಸಿ ಬಂದು ಕಥೆಯೆಲ್ಲ ಕೇಳಿ, ತಾನು ಬರೆದ 'ಇಲ್ಲ' ಎಲ್ಲಿ ಹೋಯಿತೆಂದು ಹುಡುಕಿ, ಸಿಗದೆ, 'ಭಾವ, ಅಡ್ಡ ಬಂದಿದ್ದನ್ನ ಕಿತ್ತು ಬಿಸಾಕು ಅಂತ ಬರೆದಿದ್ದು ಅದಲ್ಲ, ನೀವು. ಪಾಪ, ಅದಕ್ಕೆ ಏನು ಗೊತ್ತು' ಎಂದಳು. ತಮ್ಮ ಪರವಾಗಿ ಒಬ್ಬರು ಸಾಕ್ಷಿ ಇದ್ದಾರೆಂದು ತಿಳಿಸುವುದು ನ್ಯಾಯ. ನನ್ನ ಪರವಾಗಿ ಹುಡುಕಿದೆ, ಮೇಸ್ತ್ರಿಯೂ ಒಪ್ಪಲಿಲ್ಲ.

ಹೀಗಾಗಿ ತಮ್ಮ ಸೇವಾ ನಿಯಮಗಳನ್ನು ಬದಲಿಸಲಾಗಿದೆ. ಕಪಾಟಿನೊಳಗೆ ಒಂದು ಖಾನೆ, ಖಾನೆಯೊಳಗೆ ಒಂದು ಡಬ್ಬಿ, ಇಂಥ ಚಿಲ್ಲರೆ ಪೆಟ್ಟಿಗೆಗಳನ್ನು ತಾವು ಮೊದಲಿನಂತೆ ಬೇಕಾದಷ್ಟು ಹುಟ್ಟಿಸಬಹುದು. ಕೋಣೆ, ಕಿಟಕಿ, ಬಾಗಿಲುಗಳನ್ನು ಮಾತ್ರ ಯಾರಾದರೂ ಹೋಗಿ ಕಣ್ಣಾರೆ ನೋಡಿ ಬರೆದಿದ್ದರೆ ಸರಿ, ಇಲ್ಲದಿದ್ದರೆ ಕಟ್ಟಕೂಡದು. ದಾರಿಯಲ್ಲಿ ಒಂದು ಮಾತು ಅಡ್ಡ ನಿಂತಿದ್ದರೆ ಅದನ್ನು ಮುಟ್ಟಕೂಡದು. ಅಲ್ಲೇ ನಿಂತು, ಕೆಂಪಕ್ಷರದಲ್ಲಿ, ಗಂಟಲು ಹರಿಯುವ ಹಾಗೆ ಕೂಗಬೇಕು. ನನ್ನ ಮೇಲೆ ಕೂಗಿದರೂ ಅಡ್ಡಿಯಿಲ್ಲ. ಅದಕ್ಕಾಗಿ ನನ್ನ ಮರ್ಯಾದೆಯನ್ನು ಬದಿಗಿಟ್ಟಿದ್ದೇನೆ, ಇತ್ತೀಚೆಗೆ ಅದು ಅಷ್ಟೇನೂ ಜಾಗ ತಿನ್ನುತ್ತಿಲ್ಲ.

ತಮ್ಮ ಆರೋಗ್ಯ, ಆಯುಸ್ಸು ಹಾಗೂ ಅವಿಧೇಯತೆ ದಿನೇ ದಿನೇ ಹೆಚ್ಚಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ತಮ್ಮನ್ನು ತನ್ನ ಹೋಲಿಕೆಯಲ್ಲೇ ಬರೆದ,
ಮನೆ ಸಾಗಿಸುವವನು

ತಾ.ಕ.: ಈ ಪತ್ರ ಅಚ್ಚಿಗೆ ಹೋಗುವ ಮುನ್ನ ಅಕ್ಕನವರು ಫೋನು ಮಾಡಿದ್ದರು, ಸಾಮಾನು ಬರೆಸಲು. ಈ ಸಲ ಅವರೇ ನಡೆದುಹೋಗಿ, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ನಿಂತು ಕಿಟಕಿಯ ಬೆಳಕು ನೋಡಿ, ಒಂದು ಮನೆ ಬಾಡಿಗೆಗೆ ಹಿಡಿದಿದ್ದಾರೆ. ಅದರಲ್ಲಿ ಇರುವುದೇ ಒಂದು ಕೋಣೆ, ಎಲ್ಲವೂ ಅದರಲ್ಲೇ. ಒಳಗೆ, ಇನ್ನೂ ಒಳಗೆ ಎಂದು ಚುಕ್ಕಿ ಇಟ್ಟುಕೊಂಡು ಹೋಗಲು ಅಲ್ಲಿ ದಾರಿಯಿಲ್ಲ, ಆದ್ದರಿಂದ ಆ ದಿನ ತಮಗೆ ಕೆಲಸವಿರುವುದಿಲ್ಲ, ವಿಶ್ರಮಿಸಬಹುದು. ತಮ್ಮನ ಮನೆಯವರು ಬಂದರೆ ಎಲ್ಲಿ ಮಲಗುತ್ತಾರೆ, ಅವರ ಹಾಸಿಗೆಗೂ ಜಾಗ ಬರೆದುಕೊಳ್ಳಲೇ ಎಂದು ನನ್ನ ನಾದಿನಿ ಕೇಳಿದಳು. 'ಬರೀಬೇಡಮ್ಮ. ಮಲಗೋಕೆ ಜಾಗ ಇಲ್ಲ ಅಂತ ಅವನಿಗೆ ನಿನ್ನೆನೇ ಹೇಳಿದೆ. ಕೂರೋಕೆ ಕುರ್ಚಿ ಇದೆ, ಬಾ ಅಂತಲೂ ಹೇಳಿದೆ. ಭಾನುವಾರ ಬರ್ತಾನೆ' ಎಂದರು.